ಲೈಸೆನ್ಸ್: ಆಕಾಶಕ್ಕೆ ಬಿಟ್ಟ ಪದ

ಕನ್ನಡದ ‘ಬಿಡು’ ಧಾತುವಿನ ಸಂಸಾರ ದೊಡ್ಡದು. ಕಾವಲುಗಾರ ಒಳಗೆ ಬಿಟ್ಟ ಎಂದರೆ ಅಪ್ಪಣೆ ಸಿಕ್ಕಿತು. ಬಿಡುವಾಯಿತು ಎಂದರೆ ಕೈಗೆಲಸ ಮುಗಿಯಿತು, ಇನ್ನು ಮನಸ್ಸಿಗೆ ಬಂದದ್ದನ್ನು ಮಾಡಿಕೊಂಡಿರಬಹುದು. ಬಿಡಾಡಿ ಎಂದರೆ ಗೂಟವೂ ಇಲ್ಲ, ಹಗ್ಗವೂ ಇಲ್ಲ, ನಡೆದದ್ದೇ ದಾರಿ. ಅಪ್ಪಣೆ, ವಿರಾಮ, ಅಂಕೆಗೆ ಸಿಗದ ತನ ಮೂರಕ್ಕೂ ತಾಯಿ ಒಬ್ಬಳೇ. ನಾವು ದಿನಬೆಳಗಾದರೆ ಆಡುವ ‘ಲೈಸೆನ್ಸ್’ ಎಂಬ ಎರವಲು ಪದದ ಬುಡದಲ್ಲೂ ಇವೇ ಮೂರು ಅರ್ಥಗಳಿವೆ. ನಮ್ಮ ಕಿವಿಗೆ ಮೊದಲನೆಯದು ಮಾತ್ರ ಬೀಳುತ್ತದೆ: ಆರ್‌ಟಿಒ ಕಚೇರಿ, ಫೋಟೊ, ಮೊಹರು, ಶುಲ್ಕ. ಉಳಿದೆರಡು ಅರ್ಥಗಳು ಕೈಕಾಲಾಡಿಸಿದ್ದನ್ನು ನೋಡಬೇಕೆಂದರೆ ಇಪ್ಪತ್ತನೆಯ ಶತಮಾನದ ಮೊದಲ ಕಾಲು ಭಾಗಕ್ಕೆ, ಮನೆಯ ಮಾಡಿನ ಮೇಲೆ ತಂತಿ ಕಟ್ಟಿ ಗಾಳಿಯಲ್ಲಿ ಮಾತಾಡಲು ಹೊರಟವರ ಹತ್ತಿರ ಹೋಗಬೇಕು. ಈ ಪದ ತನ್ನ ಪೂರ್ತಿ ಮೈಯೊಂದಿಗೆ ಬದುಕಿದ್ದು ಅಲ್ಲಿ ಎಂದು ನನ್ನ ಎಣಿಕೆ.

ಲ್ಯಾಟಿನ್ನಿನಲ್ಲಿ ‘ಲಿಕೆಟ್’ ಎಂದರೆ ‘ಸಲ್ಲುತ್ತದೆ’, ‘ಆಗಬಹುದು’. ಅದು ಕರ್ತೃವಿಲ್ಲದ ಕ್ರಿಯಾಪದ. ಸಲ್ಲುತ್ತದೆ ಎನ್ನುತ್ತದೆಯೇ ಹೊರತು ಯಾರು ಸಲ್ಲಿಸಿದರು ಎನ್ನುವುದಿಲ್ಲ. ಜೂಪಿಟರನಿಗೆ ಸಲ್ಲುವುದು ಎತ್ತಿಗೆ ಸಲ್ಲದು ಎಂಬ ಲ್ಯಾಟಿನ್ ಗಾದೆಯಲ್ಲಿ ಇರುವುದೂ ಇದೇ ‘ಲಿಕೆಟ್’. ಅದರಿಂದ ಹುಟ್ಟಿದ ‘ಲಿಕೆಂಟಿಯಾ’ಕ್ಕೆ ಸ್ವಾತಂತ್ರ್ಯ ಎಂಬ ಅರ್ಥವಿದ್ದರೂ ರೋಮನ್ ಲೇಖಕರಿಗೆ ಅದರ ಮೇಲೆ ಒಂದು ಅನುಮಾನ. ಮರ್ಯಾದಸ್ಥ ಸ್ವಾತಂತ್ರ್ಯಕ್ಕೆ ‘ಲಿಬರ್ಟಾಸ್’ ಎಂಬ ಪದವನ್ನು ಇಟ್ಟುಕೊಂಡು, ಎಲ್ಲೆ ಮೀರಿದ್ದಕ್ಕೆ ‘ಲಿಕೆಂಟಿಯಾ’ ಎಂದರು. ಫ್ರೆಂಚಿನ ಹಾದಿಯಲ್ಲಿ ಈ ಪದ ಹದಿನಾಲ್ಕನೆಯ ಶತಮಾನದ ಹೊತ್ತಿಗೆ ಇಂಗ್ಲಿಷನ್ನು ಸೇರಿತು. ಅನುಮತಿಯೂ ಲೈಸೆನ್ಸೇ, ಲಂಗುಲಗಾಮಿಲ್ಲದ ನಡತೆಯೂ ಲೈಸೆನ್ಸೇ. ಅದೇ ಧಾತು ಹಳೆಯ ಫ್ರೆಂಚಿನಲ್ಲಿ ಬೇರೆ ಕವಲು ಹಿಡಿದು ‘ಲೀಷರ್’ ಆಗಿ, ಅಂದರೆ ಬಿಡುವಾಗಿ, ಇಂಗ್ಲಿಷಿಗೆ ಬಂತು. ‘ಬಿಡು’ ಹೆತ್ತ ಮಕ್ಕಳನ್ನೇ ಸಾವಿರಾರು ಮೈಲಿ ದೂರದಲ್ಲಿ ‘ಲಿಕೆಟ್’ ಕೂಡ ಹೆತ್ತಿತ್ತು. ನಮ್ಮ ಅಜ್ಜಂದಿರ ಕಾಲದ ಎಲ್‌ಎಂಪಿ ಡಾಕ್ಟರ ಮೊದಲಕ್ಷರವೂ ಈ ಮನೆತನದ್ದೇ.

ಇಂಗ್ಲೆಂಡಿನಲ್ಲಿ ಪದದ ಎರಡು ಮುಖಗಳು ಮೊದಲು ಎದುರುಬದುರಾದದ್ದು ಮುದ್ರಣಾಲಯದಲ್ಲಿ. 1643ರಲ್ಲಿ ಅಲ್ಲಿಯ ಪಾರ್ಲಿಮೆಂಟು ಲೈಸೆನ್ಸ್ ಇಲ್ಲದೆ ಪುಸ್ತಕ ಅಚ್ಚು ಹಾಕಬಾರದೆಂದಿತು. ಮರುವರ್ಷ ಜಾನ್ ಮಿಲ್ಟನ್ ಅದನ್ನು ಖಂಡಿಸಿ ‘ಅರಿಯೊಪಜಿಟಿಕಾ’ ಬರೆದು, ಲೈಸೆನ್ಸ್ ಪಡೆಯದೆಯೇ ಪ್ರಕಟಿಸಿದ. ಮುದ್ರಣದ ಲೈಸೆನ್ಸ್ ಕಾನೂನು 1695ರಲ್ಲಿ ತಾನಾಗಿ ಮುಗಿಯಿತು. ಮತ್ತೆ ಜೀವ ಪಡೆಯಲಿಲ್ಲ. ಕಾಗದದ ಮೇಲಿನ ಮಾತಿಗೆ ಸರ್ಕಾರದ ಅಪ್ಪಣೆ ಬೇಡ ಎಂದು ಒಪ್ಪಿಕೊಂಡ ದೇಶವೇ ಇನ್ನೂರು ವರ್ಷಗಳ ತರುವಾಯ ಗಾಳಿಯ ಮೇಲಿನ ಮಾತಿಗೆ ಅಪ್ಪಣೆ ಬೇಕು ಎಂದಿತು.

ಅಲ್ಲಿಗೆ ಹೋಗುವ ಮುಂಚೆ ನಮ್ಮ ‘ಪರವಾನಗಿ’ಯನ್ನೂ ಮಾತಾಡಿಸಬೇಕು. ಪಾರಸಿಯ ‘ಪರ್ವಾನ’ ಎಂದರೆ ದೊರೆಯ ಅಪ್ಪಣೆಪತ್ರ. ಬಂದಾ ಎಂಬುದರಿಂದ ಬಂದಗಿ, ಜಿಂದಾ ಎಂಬುದರಿಂದ ಜಿಂದಗಿ ಆದಂತೆ ಪರ್ವಾನದಿಂದ ಪರವಾನಗಿ. ಮರಾಠಿಯಲ್ಲೂ ಕನ್ನಡದಲ್ಲೂ ಅದು ಬೇರೂರಿತು. ನಮ್ಮಲ್ಲಿ ಕೆಲವರು ಅದನ್ನು ಇನ್ನಷ್ಟು ಹತ್ತಿರ ಎಳೆದುಕೊಂಡು, ದೇಣಿಗೆ ಮಲ್ಲಿಗೆಗಳ ಸಾಲಿನಲ್ಲಿ ಕೂರಿಸಿ, ‘ಪರವಾನಿಗೆ’ ಮಾಡಿದರು. ಪತ್ರಿಕೆಗಳಲ್ಲಿ ಈಗಲೂ ಎರಡು ರೂಪಗಳೂ ಕಾಣುತ್ತವೆ. ಜಗಳವಾಡುವಷ್ಟು ದೊಡ್ಡ ವಿಷಯವಲ್ಲ. ಪಾರಸಿ, ಉರ್ದು ಕವಿಗಳಿಗೆ ದೀಪಕ್ಕೆ ಬೀಳುವ ಪತಂಗವೂ ‘ಪರ್ವಾನ’ವೇ, ಆದರೆ ಆ ಪತಂಗ ನಮ್ಮ ಕಂದಾಯ ಕಚೇರಿಗೆ ಹಾರಿ ಬರಲಿಲ್ಲ. ಕನ್ನಡದ ಪರವಾನಗಿಗೆ ಉಳಿದದ್ದು ದೊರೆ ಮತ್ತು ಪತ್ರ ಎರಡೇ. ಲೈಸೆನ್ಸಿಗೆ ಪರವಾನಗಿ ಎಂದು ಬರೆದ ಕೂಡಲೇ ಅದರೊಳಗಿದ್ದ ಬಿಡುವು ಮತ್ತು ಬಿಡಾಡಿ ಎರಡೂ ಬಾಗಿಲಾಚೆ ಉಳಿದುಬಿಡುತ್ತವೆ.

1904ರಲ್ಲಿ ಬ್ರಿಟನ್ನಿನ ಪಾರ್ಲಿಮೆಂಟು ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆ ಮಾಡಿತು. ಮಾರ್ಕೋನಿ ಅಟ್ಲಾಂಟಿಕ್ ಸಾಗರದಾಚೆಗೆ ಸಂಕೇತ ಕಳಿಸಿದ್ದು 1901ರ ಡಿಸೆಂಬರಿನಲ್ಲಿ. ಮೂರು ವರ್ಷ ತುಂಬುವುದರೊಳಗೆ ಕಾನೂನು ಬಂದಿತ್ತು. ನಿಸ್ತಂತು ಉಪಕರಣ ಹೂಡಬೇಕಾದರೂ ನಡೆಸಬೇಕಾದರೂ ಪೋಸ್ಟ್‌ಮಾಸ್ಟರ್ ಜನರಲ್‌ನಿಂದ ಲೈಸೆನ್ಸ್ ಬೇಕು. ಕಳಿಸುವುದಕ್ಕೆ ಮಾತ್ರವಲ್ಲ, ಕೇಳಿಸಿಕೊಳ್ಳುವುದಕ್ಕೂ. ಆದರೆ ಆ ಕಾಯ್ದೆಯಲ್ಲಿ ಒಂದು ಸೊಗಸಾದ ಕಲಮು ಇದೆ: ಪ್ರಯೋಗ ನಡೆಸುವುದೊಂದೇ ತನ್ನ ಉದ್ದೇಶ ಎಂದು ಅರ್ಜಿದಾರ ಮನದಟ್ಟು ಮಾಡಿಕೊಟ್ಟರೆ ಅವನಿಗೆ ಲೈಸೆನ್ಸ್ ಕೊಡತಕ್ಕದ್ದು, ಬಾಡಿಗೆಯನ್ನಾಗಲಿ ರಾಯಲ್ಟಿಯನ್ನಾಗಲಿ ಕೇಳತಕ್ಕದ್ದಲ್ಲ. ‘ಕೊಡಬಹುದು’ ಅಲ್ಲ, ‘ಕೊಡತಕ್ಕದ್ದು’. ಷರತ್ತುಗಳನ್ನು ಹಾಕುವ ಅಧಿಕಾರ ಅಂಚೆ ಇಲಾಖೆಯ ಕೈಯಲ್ಲೇ ಉಳಿಯಿತು ಎನ್ನುವುದು ಬೇರೆ ಮಾತು. ಹೀಗೆ ಬ್ರಿಟನ್ನಿನಲ್ಲಿ ಸಂಜೆಹೊತ್ತು ಕಿಡಿ ಹಾರಿಸುವ ಗುಮಾಸ್ತನೂ ಶಾಲಾಹುಡುಗನೂ ಕಾನೂನಿನ ಕಣ್ಣಿಗೆ ‘ಪ್ರಯೋಗಶೀಲ’ರಾದರು. ಬಿಡುವಿನ ಆಟ ಎಂದು ಅರ್ಜಿಯಲ್ಲಿ ಬರೆಯುವ ಹಾಗಿರಲಿಲ್ಲ.

ಅಮೆರಿಕದಲ್ಲಿ ಅಷ್ಟು ಹೊತ್ತಿಗೆ ನಡೆಯುತ್ತಿದ್ದದ್ದು ನಮ್ಮ ಭಾಷೆಯಲ್ಲಿ ಹೇಳುವುದಾದರೆ ಬಗರ್‌ಹುಕುಂ ಸಾಗುವಳಿ. ಹುಕುಮಿಲ್ಲದೆ ಉತ್ತವರು ಸಾವಿರಾರು ಮಂದಿ. ಹೆಸರನ್ನೂ ತಾವೇ ಇಟ್ಟುಕೊಳ್ಳುತ್ತಿದ್ದರು. ಊರಿನ ಹೆಸರಿನ ಮೊದಲಕ್ಷರ, ತಮ್ಮ ಹೆಸರಿನ ಮೊದಲಕ್ಷರ, ಏನು ತೋಚಿದರೆ ಅದು. ನೌಕಾಪಡೆಯ ಸಂದೇಶಗಳಿಗೆ ಇವರು ಅಡ್ಡ ಬರುತ್ತಾರೆ ಎಂಬ ದೂರು ಬೆಳೆಯುತ್ತಲೇ ಇತ್ತು. ವೃತ್ತಿಪರ ತಂತಿ ಗುಮಾಸ್ತರ ಆಡುಮಾತಿನಲ್ಲಿ ಕೈ ಕುದುರದ ಆಪರೇಟರನಿಗೆ ‘ಹ್ಯಾಮ್’ ಎನ್ನುತ್ತಿದ್ದರು. ಆ ಬೈಗುಳ ಇವರಿಗೆ ಅಂಟಿಕೊಂಡಿತು, ಇವರು ಅದನ್ನೇ ಬಿರುದು ಮಾಡಿಕೊಂಡರು. ಹರ್ಟ್ಸ್, ಆರ್ಮ್‌ಸ್ಟ್ರಾಂಗ್, ಮಾರ್ಕೋನಿ ಹೆಸರುಗಳ ಮೊದಲಕ್ಷರ ಸೇರಿ ಹ್ಯಾಮ್ ಆಯಿತು ಎಂಬ ಕಥೆ ಇವತ್ತಿಗೂ ಓಡಾಡುತ್ತದೆ, ಚೆನ್ನಾಗಿದೆ, ನಿಜವಲ್ಲ.

1912ರ ಏಪ್ರಿಲಿನಲ್ಲಿ ಟೈಟಾನಿಕ್ ಮುಳುಗಿತು. ಪ್ರಯಾಣಿಕರೆಲ್ಲ ಕ್ಷೇಮ, ಹಡಗನ್ನು ಎಳೆದುಕೊಂಡು ಬರಲಾಗುತ್ತಿದೆ ಎಂಬ ಸುಳ್ಳು ಸುದ್ದಿ ಪತ್ರಿಕೆಗಳಲ್ಲಿ ಬಂತು. ಗಾಳಿಯಲ್ಲಿ ಕೈಯಾಡಿಸುತ್ತಿದ್ದ ಹವ್ಯಾಸಿಗಳ ತಲೆಗೆ ಆ ಗೊಂದಲದ ಹೊರೆ ಬಿತ್ತು. ಅದೇ ವರ್ಷ ಆಗಸ್ಟ್ 13ರಂದು ಅಧ್ಯಕ್ಷ ಟ್ಯಾಫ್ಟ್ ರೇಡಿಯೊ ಕಾಯ್ದೆಗೆ ಸಹಿ ಹಾಕಿದರು. ಡಿಸೆಂಬರಿನಲ್ಲಿ ಅದು ಜಾರಿಗೆ ಬಂತು. ಲೈಸೆನ್ಸ್ ಇಲ್ಲದೆ ಪ್ರಸಾರ ಮಾಡಿದರೆ 500 ಡಾಲರ್‌ವರೆಗೆ ದಂಡ, ಉಪಕರಣ ಮುಟ್ಟುಗೋಲು. ಹದಿನೈದನೆಯ ನಿಯಮ ಬಗರ್‌ಹುಕುಂದಾರರಿಗೆ ಒಂದು ತುಂಡು ಜಮೀನನ್ನು ಸಕ್ರಮ ಮಾಡಿಕೊಟ್ಟಿತು: ವ್ಯಾಪಾರಕ್ಕಲ್ಲದ ಖಾಸಗಿ ಠಾಣೆಗಳು 200 ಮೀಟರಿಗಿಂತ ಉದ್ದದ ಅಲೆಯನ್ನು ಬಳಸಬಾರದು, ಒಂದು ಕಿಲೋವಾಟಿಗಿಂತ ಹೆಚ್ಚು ಶಕ್ತಿ ಕೂಡದು. ನೌಕಾಪಡೆ ಅಥವಾ ಸೈನ್ಯದ ಠಾಣೆಯಿಂದ ಐದು ನಾಟಿಕಲ್ ಮೈಲಿ ಒಳಗಿದ್ದರೆ ಅರ್ಧ ಕಿಲೋವಾಟ್ ಮಾತ್ರ. ಈ ನಿಯಮದ ಒಕ್ಕಣೆಯಲ್ಲಿ ‘ಅಮೆಚೂರ್’ ಎಂಬ ಪದವೇ ಇಲ್ಲ. ಯಾರಿಗಾಗಿ ಬರೆದರೋ ಅವರ ಹೆಸರೆತ್ತದೆ ಅವರನ್ನು ಮೂಲೆಗೆ ಕೂರಿಸುವ ಬರವಣಿಗೆ ಅದು. ಆಗಿನ ತಿಳಿವಳಿಕೆಯಂತೆ ದೂರಕ್ಕೆ ಹೋಗಬೇಕಾದರೆ ಅಲೆ ಉದ್ದವಿರಬೇಕು. ಹಡಗುಗಳು 300 ಮತ್ತು 600 ಮೀಟರಿನಲ್ಲಿ ಮಾತಾಡುತ್ತಿದ್ದವು, ದೊಡ್ಡ ಠಾಣೆಗಳು ಸಾವಿರಾರು ಮೀಟರಿನಲ್ಲಿ. 200ರ ಕೆಳಗಿನದು ಬರಡು ಎಂದು ಎಲ್ಲರೂ ನಂಬಿದ್ದರು. ಹವ್ಯಾಸಿಗಳು ಅಲ್ಲಿ ಒಣಗಿಹೋಗುತ್ತಾರೆ, ತಂಟೆ ತೀರುತ್ತದೆ ಎಂಬ ಲೆಕ್ಕ ಕೊಟ್ಟವರಲ್ಲಿ ಇದ್ದಿರಬೇಕು.

ಲೈಸೆನ್ಸ್ ಎಂಬ ಪದಕ್ಕೆ ಈಗ ಒಂದು ಶರೀರ ಬಂತು: ಪರೀಕ್ಷೆ, ದರ್ಜೆ, ಸಂಖ್ಯೆ, ಅಕ್ಷರ. ರೇಡಿಯೊ ಇನ್‌ಸ್ಪೆಕ್ಟರರ ಮುಂದೆ ಮೋರ್ಸ್ ಪರೀಕ್ಷೆ ಬರೆದವರಿಗೆ ಮೊದಲ ದರ್ಜೆ; ದೂರದ ಊರುಗಳಲ್ಲಿದ್ದು ಕಚೇರಿಗೆ ಬರಲಾಗದವರಿಗೆ ಅಂಚೆಯ ಮೂಲಕ ಎರಡನೆಯ ದರ್ಜೆ. ದೇಶವನ್ನು ಒಂಬತ್ತು ಜಿಲ್ಲೆಗಳಾಗಿ ಹಂಚಿ, ಜಿಲ್ಲೆಯ ಸಂಖ್ಯೆಯ ಮುಂದೆ ಎರಡು ಅಕ್ಷರ ಸೇರಿಸಿ ಕರೆಹೆಸರು ಕೊಟ್ಟರು. ಸಂಖ್ಯೆಯ ನಂತರದ ಮೊದಲ ಅಕ್ಷರ ಎಕ್ಸ್ ಆಗಿದ್ದರೆ ಪ್ರಾಯೋಗಿಕ ಠಾಣೆ, ವೈ ಆಗಿದ್ದರೆ ಶಾಲಾಕಾಲೇಜು, ಝಡ್ ಆಗಿದ್ದರೆ ವಿಶೇಷ ಅನುಮತಿಯ ಹವ್ಯಾಸಿ. ಹ್ಯಾಮ್‌ಗಳಿಗೆ ‘ಲೈಸೆನ್ಸ್’ ಎಂಬ ಭಾರದ ಮಾತು ಬಾಯಿಗೆ ಹತ್ತಲಿಲ್ಲವೋ ಏನೋ, ಅವರು ಅದನ್ನು ‘ಟಿಕೆಟ್’ ಎಂದು ಕರೆದುಕೊಂಡರು.

ಕನೆಕ್ಟಿಕಟ್‌ನ ಹಾರ್ಟ್‌ಫರ್ಡ್ ಊರಿನ ಹೈರಾಮ್ ಪರ್ಸಿ ಮ್ಯಾಕ್ಸಿಮ್ ಇವರ ನಡುವೆ ಎದ್ದು ಕಾಣುವ ಮನುಷ್ಯ. ಅಪ್ಪ ಮೆಷಿನ್‌ಗನ್ ಕಂಡುಹಿಡಿದವನು. ಮಗ ಬಂದೂಕಿನ ಸದ್ದಡಗಿಸುವ ಸೈಲೆನ್ಸರ್ ಮಾಡಿದ, ಮತ್ತು ಜಗತ್ತಿನ ಅತಿ ಗದ್ದಲದ ಹವ್ಯಾಸಕ್ಕೆ ನಾಯಕನಾದ. 1914ರಲ್ಲಿ ಅವನ ಸಂದೇಶ ಮೂವತ್ತು ಮೈಲಿ ದೂರದ ಸ್ಪ್ರಿಂಗ್‌ಫೀಲ್ಡ್ ಮುಟ್ಟಲಿಲ್ಲ. ನಡುವಿನ ವಿಂಡ್ಸರ್ ಲಾಕ್ಸ್ ಊರಿನ ಇನ್ನೊಬ್ಬ ಹವ್ಯಾಸಿ ಅದನ್ನು ಕೇಳಿ ಮುಂದಕ್ಕೆ ದಾಟಿಸಿದ. ಕೈಯಿಂದ ಕೈಗೆ ದಾಟಿಸಿದರೆ ಬರಡು ಅಲೆಯೂ ಖಂಡವನ್ನು ದಾಟಬಹುದಲ್ಲ ಎಂಬ ಯೋಚನೆಯಿಂದ ಅದೇ ವರ್ಷ ಅಮೆರಿಕನ್ ರೇಡಿಯೊ ರಿಲೇ ಲೀಗ್ ಹುಟ್ಟಿತು. 1917ರ ಏಪ್ರಿಲಿನಲ್ಲಿ ಅಮೆರಿಕ ಯುದ್ಧಕ್ಕಿಳಿದಾಗ ಹವ್ಯಾಸಿ ಠಾಣೆಗಳನ್ನೆಲ್ಲ ಮುಚ್ಚಿಸಿದರು. ಮತ್ತೆ ಪ್ರಸಾರ ಮಾಡಲು ಬಿಟ್ಟದ್ದು 1919ರ ಶರತ್ಕಾಲದಲ್ಲಿ.

ಆಮೇಲೆ ನಡೆದದ್ದನ್ನು ಕಾನೂನು ಬರೆದವರು ಎಣಿಸಿರಲಿಲ್ಲ. 1923ರ ನವೆಂಬರಿನಲ್ಲಿ ಫ್ರಾನ್ಸಿನ ನೀಸ್ ನಗರದ ಲಿಯಾನ್ ದೆಲ್ವಾ, ಕನೆಕ್ಟಿಕಟ್‌ನ ಫ್ರೆಡ್ ಶ್ನೆಲ್ ಮತ್ತು ಜಾನ್ ರೈನಾರ್ಟ್ಸ್ ಸಾಗರದ ಎರಡು ದಡಗಳಿಂದ ಪರಸ್ಪರ ಮಾತಾಡಿಕೊಂಡರು. ಬಳಸಿದ್ದು 200ಕ್ಕಿಂತಲೂ ಬಹಳ ಕೆಳಗೆ, ನೂರು ಮೀಟರಿನ ಆಸುಪಾಸಿನ ಅಲೆ. ರೈನಾರ್ಟ್ಸ್‌ನ ಕರೆಹೆಸರು 1ಎಕ್ಸ್‌ಎಎಂ. ಆ ಎಕ್ಸ್ ಅಕ್ಷರ ಪ್ರಾಯೋಗಿಕ ಲೈಸೆನ್ಸಿನದು. ಕಿರು ಅಲೆಗಳು ನೆಲ ಹಿಡಿದು ಹೋಗುವುದಿಲ್ಲ, ಮೇಲಿನ ವಿದ್ಯುದಾವೇಶದ ಪದರಕ್ಕೆ ತಗುಲಿ ಬಾಗಿ ದೂರದಲ್ಲಿ ಮತ್ತೆ ಇಳಿಯುತ್ತವೆ. ಉದ್ದದ ಅಲೆಗಳಿಗೆ ಭಾರಿ ಗೋಪುರ, ಅಪಾರ ವಿದ್ಯುತ್ತು ಬೇಕಿದ್ದಲ್ಲಿ ಇವುಗಳಿಗೆ ಹಿತ್ತಲಿನ ತಂತಿ ಸಾಕು. ಬರಡು ಜಮೀನಿನಲ್ಲಿ ಬೆಳೆ ಬಂದ ಸುದ್ದಿ ಹಬ್ಬಿದ ಕೂಡಲೇ ದೊಡ್ಡವರೆಲ್ಲ ಅಲ್ಲಿಗೆ ಬಂದರು. 1927ರ ವಾಷಿಂಗ್ಟನ್ ಅಂತರರಾಷ್ಟ್ರೀಯ ಸಮ್ಮೇಳನ ಕಿರು ಅಲೆಗಳನ್ನು ಪಾಲು ಮಾಡಿದಾಗ ಅವನ್ನು ಮೊದಲು ಉತ್ತವರಿಗೆ ಸಿಕ್ಕಿದ್ದು ಕೆಲವು ಕಿರಿದಾದ ಪಟ್ಟಿಗಳು. ಸಾಗುವಳಿ ಮಾಡಿದವನಿಗೆ ಬದು ಉಳಿದ ಕಥೆ ನಮಗೇನೂ ಹೊಸದಲ್ಲ.

ಬಿಡಾಡಿತನಕ್ಕೂ ಲೈಸೆನ್ಸಿಗೂ ನೇರ ಡಿಕ್ಕಿಯಾದದ್ದು ನ್ಯಾಯಾಲಯದಲ್ಲಿ. 1912ರ ಕಾಯ್ದೆಯ ಪ್ರಕಾರ ಅರ್ಹನಾದವನು ಕೇಳಿದರೆ ವಾಣಿಜ್ಯ ಮಂತ್ರಿ ಲೈಸೆನ್ಸ್ ನಿರಾಕರಿಸುವ ಹಾಗಿಲ್ಲ ಎಂದು ಅದೇ ವರ್ಷದ ನವೆಂಬರಿನಲ್ಲಿ ಅಟಾರ್ನಿ ಜನರಲ್ ವಿಕರ್‌ಶಮ್ ಅಭಿಪ್ರಾಯ ಕೊಟ್ಟಿದ್ದರು. ಪಿಟ್ಸ್‌ಬರ್ಗ್ ಪಕ್ಕದ ಗ್ಯಾರೇಜಿನಲ್ಲಿ 8ಎಕ್ಸ್‌ಕೆ ಎಂಬ ಪ್ರಾಯೋಗಿಕ ಠಾಣೆ ಇಟ್ಟುಕೊಂಡು ಗ್ರಾಮಫೋನ್ ತಟ್ಟೆ ಹಾಕುತ್ತಿದ್ದ ಫ್ರಾಂಕ್ ಕಾನ್ರಾಡ್‌ನಿಂದ 1920ರ ನವೆಂಬರಿನಲ್ಲಿ ಕೆಡಿಕೆಎ ಎಂಬ ಪ್ರಸಾರ ಕೇಂದ್ರ ಹುಟ್ಟಿತು. ಆಮೇಲೆ ಎಲ್ಲರಿಗೂ ಹಾಡು ಹಾಕುವ ಆಸೆ. ಹವ್ಯಾಸಿಗಳು ಸಂಗೀತ ಪ್ರಸಾರ ಮಾಡಕೂಡದೆಂದು 1922ರ ಆರಂಭದಲ್ಲಿ ವಾಣಿಜ್ಯ ಇಲಾಖೆ ತಡೆಯಿತು. ಆದರೆ ದೊಡ್ಡ ಠಾಣೆಗಳನ್ನು ತಡೆಯುವುದು ಅಷ್ಟು ಸುಲಭವಿರಲಿಲ್ಲ. 1923ರಲ್ಲಿ ಮಂತ್ರಿ ಹರ್ಬರ್ಟ್ ಹೂವರ್ ಇಂಟರ್‌ಸಿಟಿ ಕಂಪನಿಯ ವಿರುದ್ಧ ಸೋತರು. 1926ರಲ್ಲಿ ಜೆನಿತ್ ಕಂಪನಿಯ ಠಾಣೆ ಕೆನಡಾಕ್ಕೆ ಮೀಸಲಿದ್ದ ಅಲೆಗೆ ನುಗ್ಗಿತು. ಷಿಕಾಗೊ ನ್ಯಾಯಾಲಯ ಮಂತ್ರಿಗೆ ಅದನ್ನು ತಡೆಯುವ ಅಧಿಕಾರವಿಲ್ಲ ಎಂದಿತು. ಮುಂದಿನ ಕೆಲವು ತಿಂಗಳು ಗಾಳಿಯಲ್ಲಿ ಯಾರು ಯಾವ ಅಲೆಗೆ ಬೇಕಾದರೂ ಜಿಗಿದರು. ರೋಮನ್ನರು ಅಂಜಿದ್ದ ‘ಲಿಕೆಂಟಿಯಾ’, ಲೈಸೆನ್ಸ್ ಹಿಡಿದವರ ಕೈಯಲ್ಲೇ! 1927ರ ಫೆಬ್ರುವರಿಯ ರೇಡಿಯೊ ಕಾಯ್ದೆ ಈ ಬಾಗಿಲನ್ನು ಮುಚ್ಚಿತು. ಇನ್ನು ಲೈಸೆನ್ಸ್ ಕೇಳಿದವರಿಗೆಲ್ಲ ಸಿಗುವುದಲ್ಲ, ಸಾರ್ವಜನಿಕ ಹಿತ ನೋಡಿ ಕೊಡುವುದು. ಅಲೆಯ ಮೇಲೆ ತನಗೆ ಒಡೆತನವಿಲ್ಲ ಎಂದು ಪಡೆಯುವವನು ಬರೆದುಕೊಡಬೇಕು.

ಬ್ರಿಟನ್ನಿನಲ್ಲಿ ಇದೇ ಜಗ್ಗಾಟ ‘ಪ್ರಯೋಗ’ ಎಂಬ ಪದದ ಸುತ್ತ ನಡೆಯಿತು, ಮತ್ತು ಅಲ್ಲಿ ಸ್ವಲ್ಪ ನಗುವೂ ಇದೆ. 1922ರಲ್ಲಿ ಬಿಬಿಸಿ ಶುರುವಾದಾಗ ಕೇಳುಗರು ಹತ್ತು ಶಿಲಿಂಗ್ ಕಟ್ಟಿ ಲೈಸೆನ್ಸ್ ಪಡೆದು, ಬಿಬಿಸಿ ಮುದ್ರೆಯಿದ್ದ ದುಬಾರಿ ಸೆಟ್ಟನ್ನೇ ಕೊಳ್ಳಬೇಕಿತ್ತು. ಪ್ರಯೋಗದ ಲೈಸೆನ್ಸ್ ಇದ್ದವರು ಮಾತ್ರ ಬಿಡಿಭಾಗ ತಂದು ಸೆಟ್ಟನ್ನು ತಾವೇ ಜೋಡಿಸಿಕೊಳ್ಳಬಹುದು. ರಾತ್ರೋರಾತ್ರಿ ಸಾವಿರಾರು ಜನ ವಿಜ್ಞಾನಿಗಳಾದರು. ನಿಜವಾದ ಪ್ರಯೋಗಶೀಲ ಯಾರು, ಹಾಡು ಕೇಳುವ ಆಸೆಯವನು ಯಾರು ಎಂದು ವಿಂಗಡಿಸಲಾಗದೆ ಅಂಚೆ ಇಲಾಖೆಯಲ್ಲಿ ಅರ್ಜಿಗಳು ಪೇರಿದವು. ಕೊನೆಗೆ 1923ರಲ್ಲಿ ಮನೆಯಲ್ಲೇ ಸೆಟ್ ಕಟ್ಟುವವರಿಗೆಂದು ಪ್ರತ್ಯೇಕ ಲೈಸೆನ್ಸ್ ಮಾಡಿದರು.

ಇಂಡಿಯಾದಲ್ಲಿ ಲೈಸೆನ್ಸ್ ರೇಡಿಯೊಗಿಂತ ಮೊದಲೇ ಬಂದು ಕಾದು ಕೂತಿತ್ತು. 1885ರ ಟೆಲಿಗ್ರಾಫ್ ಕಾಯ್ದೆ ತಂತಿ ವ್ಯವಸ್ಥೆಯನ್ನು ಸರ್ಕಾರದ ಏಕಸ್ವಾಮ್ಯ ಮಾಡಿ, ಇಷ್ಟಬಂದ ಷರತ್ತಿನ ಮೇಲೆ ಲೈಸೆನ್ಸ್ ಕೊಡುವ ಹಕ್ಕನ್ನು ಇಟ್ಟುಕೊಂಡಿತು. ಹೈನ್‌ರಿಖ್ ಹರ್ಟ್ಸ್ ಪ್ರಯೋಗಶಾಲೆಯಲ್ಲಿ ರೇಡಿಯೊ ಅಲೆ ಹುಟ್ಟಿಸಿದ್ದು ಅದಾದ ಎರಡು ಮೂರು ವರ್ಷಕ್ಕೆ. ಇಲ್ಲಿನ ಮೊದಲ ಹವ್ಯಾಸಿ ಲೈಸೆನ್ಸ್ 1921ರಲ್ಲಿ ಅಮರೇಂದ್ರ ಚಂದ್ರ ಗುಪ್ತು ಅವರಿಗೆ ಸಿಕ್ಕಿತು, ಕರೆಹೆಸರು 2ಜೆಕೆ. 1924ರಲ್ಲಿ ಮದರಾಸಿನ ರೇಡಿಯೊ ಕ್ಲಬ್ ಪ್ರಸಾರ ಆರಂಭಿಸಿ ಮೂರೇ ವರ್ಷದಲ್ಲಿ ಹಣವಿಲ್ಲದೆ ನಿಂತಿತು. 1927ರಲ್ಲಿ ಹುಟ್ಟಿದ ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿ ಹತ್ತು ರೂಪಾಯಿಯ ಕೇಳುಗರ ಲೈಸೆನ್ಸನ್ನು ನಂಬಿಕೊಂಡು 1930ರಲ್ಲಿ ಮುಳುಗಿತು. 1933ರ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಲೈಸೆನ್ಸಿಲ್ಲದೆ ಸೆಟ್ಟನ್ನು ಇಟ್ಟುಕೊಳ್ಳುವುದೇ ತಪ್ಪು ಎಂದಿತು. ನಡೆಸುವುದಲ್ಲ, ಇಟ್ಟುಕೊಳ್ಳುವುದು.

ಆ ಹೊತ್ತಿನಲ್ಲಿ ಮೈಸೂರಿನಲ್ಲಿ ಒಂದು ಬಿಡುವಿನ ಕೆಲಸ ನಡೆಯಿತು. ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ 1935ರ ಸೆಪ್ಟೆಂಬರ್ 10ರಂದು ಒಂಟಿಕೊಪ್ಪಲಿನ ತಮ್ಮ ಮನೆ ‘ವಿಠ್ಠಲ ವಿಹಾರ’ದಿಂದ 30 ವಾಟಿನ ಪುಟ್ಟ ಪ್ರಸಾರಕದಲ್ಲಿ ಮಾತಾಡಿದರು. ಎಂಜಿನಿಯರರಲ್ಲ, ಕಂಪನಿಯಲ್ಲ, ಮನಸ್ಸಿನ ಶಾಸ್ತ್ರ ಹೇಳುವ ಮೇಷ್ಟ್ರು. ‘ಹವ್ಯಾಸ’ ಎಂದರೆ ಮರಾಠಿಯಲ್ಲಿ ಅತಿಯಾಸೆ. ನಮ್ಮಲ್ಲಿ ಅದು ಮೃದುವಾಗಿ ಬಿಡುವಿನ ಪ್ರೀತಿಯಾಗಿದೆ. ಈ ಮೇಷ್ಟ್ರಲ್ಲಿ ಎರಡೂ ಇದ್ದಿರಬೇಕು, ಕೈಯಿಂದ ಖರ್ಚು ಮಾಡಿ ಊರಿಗೆಲ್ಲ ಸಂಗೀತ, ಭಾಷಣ, ನಾಟಕ ಕೇಳಿಸುವುದು ಬರಿಯ ಬಿಡುವಿನಿಂದ ಆಗುವ ಕೆಲಸವಲ್ಲ. ಆ ಠಾಣೆಯ ಹೆಸರು ‘ಆಕಾಶವಾಣಿ’. ಮುಂದೆ ಮೈಸೂರು ಸಂಸ್ಥಾನ ಅದನ್ನು ವಹಿಸಿಕೊಂಡಿತು, 1950ರಲ್ಲಿ ಆಲ್ ಇಂಡಿಯಾ ರೇಡಿಯೊ. 1955ರಲ್ಲಿ ಕೇಂದ್ರ ಬೆಂಗಳೂರಿಗೆ ಹೋಯಿತು. ಅದೇ ದಶಕದಲ್ಲಿ ದೇಶದ ಪ್ರಸಾರ ಸಂಸ್ಥೆ ಮೈಸೂರಿನ ಮನೆಯ ಹೆಸರನ್ನು ತನ್ನದಾಗಿಸಿಕೊಂಡಿತು.

1939ರಲ್ಲಿ ಎರಡನೆಯ ಮಹಾಯುದ್ಧ ಶುರುವಾದಾಗ ಇಂಡಿಯಾದ ಹವ್ಯಾಸಿಗಳ ಲೈಸೆನ್ಸ್‌ಗಳು ರದ್ದಾದವು. 1942ರಲ್ಲಿ ಉಷಾ ಮೆಹ್ತಾ ಮತ್ತು ಗೆಳೆಯರು ಮುಂಬಯಿಯಲ್ಲಿ ಜಾಗ ಬದಲಿಸುತ್ತಾ ಗುಟ್ಟಾಗಿ ನಡೆಸಿದ ಕಾಂಗ್ರೆಸ್ ರೇಡಿಯೊ ಈ ಮಣ್ಣಿನ ಅತ್ಯಂತ ಹೆಸರಾದ ಬಗರ್‌ಹುಕುಂ ಠಾಣೆ. ಅದಕ್ಕೆ ನೆರವಾದವನೂ ಮೊದಲು ಲೈಸೆನ್ಸ್ ಇದ್ದ ಹವ್ಯಾಸಿಯೇ, ನರಿಮನ್ ಪ್ರಿಂಟರ್. ನವೆಂಬರಿನಲ್ಲಿ ಪೊಲೀಸರು ನುಗ್ಗಿದರು. ಉಷಾಗೆ ನಾಲ್ಕು ವರ್ಷ ಸಜೆಯಾಯಿತು.

ಸ್ವಾತಂತ್ರ್ಯ ಬಂದ ಮೇಲೆ ಪದ ಇನ್ನಷ್ಟು ಮೈಬೆಳೆಸಿತು. ರಾಜಾಜಿ ಅದಕ್ಕೆ ಪರ್ಮಿಟ್ಟನ್ನೂ ಕೋಟಾವನ್ನೂ ಜೋಡಿಸಿ ‘ರಾಜ್’ ಪಟ್ಟ ಕಟ್ಟಿ ಹಂಗಿಸಿದರು. ಮನೆಯ ರೇಡಿಯೊಗೆ ವರ್ಷಕ್ಕೊಮ್ಮೆ ಅಂಚೆ ಕಚೇರಿಯಲ್ಲಿ ಹಣ ಕಟ್ಟಿ ಲೈಸೆನ್ಸ್ ಪುಸ್ತಕಕ್ಕೆ ಗುರುತು ಹಾಕಿಸಿಕೊಂಡು ಬರುವುದು 1980ರ ದಶಕದವರೆಗೂ ನಡೆಯಿತು. ಆ ಸಣ್ಣ ಪುಸ್ತಕವನ್ನು ರೇಷನ್ ಕಾರ್ಡಿನ ಜೊತೆ ಜೋಪಾನ ಮಾಡಿದವರು ಈಗಲೂ ಇದ್ದಾರೆ. ಕೇಳುಗರ ಲೈಸೆನ್ಸ್ ಹೋಯಿತು, ಹವ್ಯಾಸಿಗಳದು ಉಳಿಯಿತು. ಹನ್ನೆರಡು ವರ್ಷ ತುಂಬಿದ ಯಾರಾದರೂ ಪರೀಕ್ಷೆ ಬರೆದು ವಿಯು ಎಂಬ ಅಕ್ಷರಗಳಿಂದ ಶುರುವಾಗುವ ಕರೆಹೆಸರು ಪಡೆಯಬಹುದು. ಒಂದು ಊರಿನ ಹಲವರಿಗೆ ಒಂದೇ ಹೆಸರು ಇದ್ದಂತೆ ಅಲ್ಲ ಅದು, ಭೂಮಿಯ ಮೇಲೆ ಆ ಹೆಸರಿನವರು ಇನ್ನೊಬ್ಬರಿಲ್ಲ.

2023ರಲ್ಲಿ ಸಂಸತ್ತು ಹೊಸ ದೂರಸಂಪರ್ಕ ಕಾಯ್ದೆಯನ್ನು ಒಪ್ಪಿತು. 1885ರದನ್ನೂ 1933ರದನ್ನೂ ಅದು ಬದಿಗೆ ಸರಿಸುತ್ತದೆ. ರೇಡಿಯೊ ಉಪಕರಣ ಇಟ್ಟುಕೊಳ್ಳುವವರಿಗೆ ಬೇಕಾದದ್ದನ್ನು ಇನ್ನು ಲೈಸೆನ್ಸ್ ಎನ್ನುವುದಿಲ್ಲ, ‘ಆಥರೈಸೇಶನ್’ ಎನ್ನುತ್ತದೆ. ಇದೂ ಲ್ಯಾಟಿನ್ ಮೂಲದ್ದೇ. ಹುಟ್ಟಿಸಿದವನು, ಮೂಲಪುರುಷ ಎಂಬ ಅರ್ಥದ ‘ಔಕ್ಟೋರ್’ ಇದರ ತಾತ. ‘ಲಿಕೆಟ್’ಗೆ ಕರ್ತೃ ಇರಲಿಲ್ಲ, ಇದಕ್ಕೆ ಕರ್ತೃವೇ ಎಲ್ಲ. ಪದಗಳ ಲೆಕ್ಕದಲ್ಲಿ ನನಗಿದು ನಷ್ಟದ ವ್ಯಾಪಾರವಾಗಿಯೇ ಕಾಣುತ್ತದೆ. ಹೊಸ ಕಾಯ್ದೆ ಹಂತಹಂತವಾಗಿ ಜಾರಿಗೆ ಬರುವಂಥದ್ದು, ಅವಧಿ ನಿಗದಿಯಾದ ಹಳೆಯ ಲೈಸೆನ್ಸ್‌ಗಳು ಆ ಅವಧಿ ತೀರುವ ತನಕ ಸಲ್ಲುತ್ತವೆ ಎಂದೂ ಅದರಲ್ಲಿದೆ. ನಮ್ಮ ಹ್ಯಾಮ್‌ಗಳಿಗೆ ಸರ್ಕಾರ ಕೊಡುತ್ತಿದ್ದದ್ದು ಇಪ್ಪತ್ತು ವರ್ಷದ ಲೈಸೆನ್ಸ್, ಇಲ್ಲವೇ ಜೀವಮಾನದ್ದು.